ಮರಿಮೀನಿನ ಟ್ಯಾಂಕ್‌ನಲ್ಲಿ ಬಿಳಿ ಹುಳು ಕಂಡಿತೇ? ಔಷಧಿ ಹಾಕುವ ಮೊದಲು ಇದನ್ನು ಓದಿ

ಗಪ್ಪಿ ಮರಿ ಹಾಕಿದೆ, ಅಥವಾ ಫೈಟರ್ ಮೀನಿನ ಮೊಟ್ಟೆ ಒಡೆದು ಮರಿಗಳು ಬಂದಿವೆ. ಅವನ್ನು ಬೇರೆ ಟ್ಯಾಂಕ್‌ಗೆ ಬಿಟ್ಟು ಎರಡು ವಾರ ಕಳೆದಿದೆ. ಒಂದು ದಿನ ನೋಡಿದರೆ ಗಾಜಿನ ಮೇಲೆ ನೂಲಿನೆಳೆಯಂಥ ಬಿಳಿ ಹುಳುಗಳು ಹರಿದಾಡುತ್ತಿವೆ. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ ಕೂಡಲೇ ಸಲಹೆಗಳ ಸುರಿಮಳೆ: ಉಪ್ಪು ಹಾಕಿ, ಅರಿಶಿನ ಹಾಕಿ, ಮೈಲುತುತ್ತ ಹಾಕಿ, ಅಡಿಕೆ ಪುಡಿ ಹಾಕಿ, ನಾಯಿಗೆ ಕೊಡುವ ಜಂತುಹುಳು ಮಾತ್ರೆ ಹಾಕಿ, ಇಲ್ಲವೇ ನೀರೆಲ್ಲ ಚೆಲ್ಲಿ ಟ್ಯಾಂಕ್ ತೊಳೆದುಬಿಡಿ.

ಇವುಗಳಲ್ಲಿ ಕೆಲವು ಕೆಲಸಕ್ಕೆ ಬಾರದವು, ಕೆಲವು ಅರ್ಧ ಸತ್ಯ, ಇನ್ನು ಕೆಲವು ಹುಳುವಿಗಿಂತ ಮೊದಲು ಮರಿಗಳನ್ನೇ ಕೊಲ್ಲುವಂಥವು. ಹಾಗಾದರೆ ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ಸಾರಾಂಶ

• ಅಕ್ವೇರಿಯಂನಲ್ಲಿ ಕಾಣುವ ಹೆಚ್ಚಿನ ಬಿಳಿ ಹುಳುಗಳು ಮೀನಿಗೆ ಹಾನಿ ಮಾಡುವುದಿಲ್ಲ. ಅವು ಉಳಿದ ಆಹಾರ ಮತ್ತು ಕಸವನ್ನು ತಿಂದು ಬದುಕುತ್ತವೆ.
• ಮೊಟ್ಟೆ ಮತ್ತು ಎಳೆ ಮರಿಗಳಿಗೆ ಅಪಾಯ ತರಬಲ್ಲವು ಮುಖ್ಯವಾಗಿ ಎರಡು: ಪ್ಲನೇರಿಯಾ ಮತ್ತು ಹೈಡ್ರಾ.
• ಹುಳು ಹೆಚ್ಚಿದೆ ಎಂದರೆ ಆಹಾರ ಹೆಚ್ಚಾಗಿದೆ, ತಳದಲ್ಲಿ ಕೊಳೆ ಕೂತಿದೆ ಎಂದು ಅರ್ಥ. ಆ ಕೊಳೆಯಿಂದ ಬರುವ ಅಮೋನಿಯಾ ಹುಳುವಿಗಿಂತ ದೊಡ್ಡ ಶತ್ರು.
• ಮೊದಲು ಗುರುತಿಸಿ, ನಂತರ ಸ್ವಚ್ಛ ಮಾಡಿ. ಔಷಧಿ ಕೊನೆಯ ಉಪಾಯ.

ಹುಳು ಎಲ್ಲಿಂದ ಬಂತು?

"ನೀರು ಹಳತಾದರೆ ಹುಳು ತಾನಾಗಿ ಹುಟ್ಟುತ್ತದೆ" ಎಂಬ ನಂಬಿಕೆ ಇಂದಿಗೂ ಇದೆ. ಇದು ನಿಜವಲ್ಲ. ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲ, ನೊಣ ಇಟ್ಟ ಮೊಟ್ಟೆಯಿಂದ ಬರುತ್ತದೆ ಎಂದು ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಅಕ್ವೇರಿಯಂಗೂ ಇದೇ ಮಾತು ಅನ್ವಯಿಸುತ್ತದೆ. ಹುಳು ಅಥವಾ ಅದರ ಮೊಟ್ಟೆ ಹೊರಗಿನಿಂದಲೇ ಬಂದಿರಬೇಕು.

ಬರುವ ದಾರಿಗಳು ಹಲವು. ಅಂಗಡಿಯಿಂದ ತಂದ ನೀರುಗಿಡದ ಬೇರು, ಮೀನಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಬಂದ ನೀರು, ಬಸವನಹುಳು, ಹಳೆಯ ಟ್ಯಾಂಕ್‌ನ ಜಲ್ಲಿಕಲ್ಲು, ಕೆರೆ ಅಥವಾ ಚರಂಡಿಯಿಂದ ಹಿಡಿದು ಮಾರುವ ಜೀವಂತ ಟ್ಯೂಬಿಫೆಕ್ಸ್ ಹುಳು. ನಾಲ್ಕೈದು ಹುಳು ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಿನ್ನಲು ಯಥೇಚ್ಛ ಸಿಕ್ಕಾಗ ಮಾತ್ರ ಅವು ನೂರಾಗಿ, ಸಾವಿರವಾಗಿ ಕಾಣಿಸಿಕೊಳ್ಳುತ್ತವೆ.

ಮರಿಗಳ ಟ್ಯಾಂಕ್‌ನಲ್ಲೇ ಇವು ಹೆಚ್ಚು ಕಾಣಲು ಕಾರಣವೂ ಇದೇ. ಮರಿಗಳಿಗೆ ದಿನಕ್ಕೆ ಮೂರ್ನಾಲ್ಕು ಸಲ ಪುಡಿ ಆಹಾರ ಹಾಕುತ್ತೇವೆ. ಬೇಯಿಸಿದ ಮೊಟ್ಟೆಯ ಹಳದಿ ಭಾಗವನ್ನು ಬಟ್ಟೆಯಲ್ಲಿ ಹಿಂಡಿ ಕೊಡುವವರೂ ಇದ್ದಾರೆ. ಮರಿಗಳ ಬಾಯಿ ಚಿಕ್ಕದು, ಹೊಟ್ಟೆಯೂ ಚಿಕ್ಕದು. ಹಾಕಿದ್ದರಲ್ಲಿ ದೊಡ್ಡ ಪಾಲು ತಳ ಸೇರುತ್ತದೆ. ಉಪ್ಪುನೀರಿನಲ್ಲಿ ಮೊಟ್ಟೆಯೊಡೆಸಿ ಕೊಡುವ ಆರ್ಟೀಮಿಯಾ ಮರಿಗಳೂ ಸಿಹಿನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಮರಿಮೀನು ತಿನ್ನದೆ ಬಿಟ್ಟದ್ದು ಹುಳುವಿಗೆ ಹಬ್ಬದೂಟ.

ಮೊದಲು ಗುರುತಿಸಿ: ನಿಮ್ಮ ಟ್ಯಾಂಕ್‌ನಲ್ಲಿರುವುದು ಯಾವುದು?

ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು, ಮೊಬೈಲ್ ಟಾರ್ಚ್ ಹಾಕಿ ಗಾಜನ್ನು ನೋಡಿ. ಬೆಳಕಿಗೆ ಅಂಜುವ ಹುಳುಗಳು ಆಗ ಹೊರಗೆ ಬಂದಿರುತ್ತವೆ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಆಕಾರ ತಿಳಿಯುತ್ತದೆ.

1. ಕಸತಿನ್ನಿ ಹುಳು: ನೂಲಿನಂತೆ ತೆಳ್ಳಗೆ, ಬಿಳಿ ಅಥವಾ ತಿಳಿಗಂದು. ನೀರಿನಲ್ಲಿ ಅಂಕುಡೊಂಕಾಗಿ ತಿರುಚಿಕೊಂಡು ಈಜುತ್ತದೆ. ಇದು ಎರೆಹುಳುವಿನ ದೂರದ ಬಂಧು. ಜಲ್ಲಿಯೊಳಗೆ ಇದ್ದುಕೊಂಡು ಕೊಳೆತದ್ದನ್ನು ತಿನ್ನುತ್ತದೆ. ಮರಿಗಳಿಗೆ ಹಾನಿ ಇಲ್ಲ. ತುಸು ಬೆಳೆದ ಮರಿಗಳು ಇದನ್ನೇ ಹಿಡಿದು ತಿನ್ನುತ್ತವೆ. ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಇವು ಗುಂಪಾಗಿ ಗಾಜು ಏರುತ್ತವೆ. ಹಾಗೆ ಕಂಡರೆ ಅದು ನೀರು ಕೆಟ್ಟಿರುವ ಮುನ್ಸೂಚನೆ.

2. ದುಂಡುಹುಳು: ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣದು, ಎರಡೂ ತುದಿ ಚೂಪು, ಚಾಟಿಯಂತೆ ಚಡಪಡಿಸುತ್ತದೆ. ನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಇಂಥವು ನಿರುಪದ್ರವಿ. ಮರಿಗಳ ಆಹಾರವೆಂದು ಮೀನು ಸಾಕುವವರು ಬೆಳೆಸುವ ಮೈಕ್ರೋವರ್ಮ್ ಕೂಡ ಇದೇ ಬಳಗದ್ದು.

3. ಪ್ಲನೇರಿಯಾ: ಇದು ಚಪ್ಪಟೆ ಹುಳು. ತಲೆ ತ್ರಿಕೋನಾಕಾರ, ಅದರ ಮೇಲೆ ಎರಡು ಕಪ್ಪು ಚುಕ್ಕೆ ಕಣ್ಣುಗಳು. ತಿರುಚುವುದಿಲ್ಲ, ಗಾಜಿನ ಮೇಲೆ ಜಾರಿದಂತೆ ನುಣ್ಣಗೆ ಸಾಗುತ್ತದೆ. ಬಾಯಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯ ಕೆಳಭಾಗದ ನಡುವೆ. ಇದು ಮಾಂಸಾಹಾರಿ. ಮೀನಿನ ಮೊಟ್ಟೆ, ಈಜಲು ಇನ್ನೂ ಕಲಿಯದ ಮರಿ, ಪೊರೆ ಬಿಟ್ಟ ಸೀಗಡಿ ಇದಕ್ಕೆ ತುತ್ತಾಗಬಹುದು. ಚುರುಕಾಗಿ ಈಜುವ ಆರೋಗ್ಯವಂತ ಮರಿಯನ್ನು ಹಿಡಿಯುವುದು ಇದಕ್ಕೆ ಕಷ್ಟ.

4. ಹೈಡ್ರಾ: ಇದು ಹುಳುವೇ ಅಲ್ಲ, ಸಮುದ್ರದ ಲೋಳೆಮೀನಿನ ಸಂಬಂಧಿ. ಗಾಜು ಅಥವಾ ಎಲೆಗೆ ಅಂಟಿಕೊಂಡ ಸಣ್ಣ ಕಾಂಡ, ತುದಿಯಲ್ಲಿ ದಾರದಂಥ ಕೈಗಳು. ಮುಟ್ಟಿದರೆ ಮುದುಡಿ ಚುಕ್ಕೆಯಂತಾಗುತ್ತದೆ. ಆ ಕೈಗಳಲ್ಲಿ ಚುಚ್ಚುವ ಕೋಶಗಳಿವೆ. ಆಗತಾನೆ ಮೊಟ್ಟೆಯೊಡೆದ ಫೈಟರ್ ಮರಿಯಂಥ ಪುಟ್ಟ ಜೀವಿಗಳನ್ನು ಅವುಗಳಿಂದ ಹಿಡಿದು ನುಂಗಬಲ್ಲದು.

5. ಜಿಗಣೆ: ಎರಡೂ ತುದಿಯಲ್ಲಿ ಹೀರುಬಟ್ಟಲು ಇರುತ್ತದೆ. ಅಳತೆಗೋಲಿನಂತೆ ಬಾಗಿ ಬಾಗಿ ನಡೆಯುತ್ತದೆ. ಸಂಖ್ಯೆ ಕಡಿಮೆಯಿದ್ದರೆ ಚಿಮಟದಿಂದ ಎತ್ತಿ ತೆಗೆಯಿರಿ.

ಇನ್ನೊಂದು ಸಂಗತಿ. ಹುಳು ಗಾಜಿನ ಮೇಲಿಲ್ಲ, ಗಪ್ಪಿಯ ಗುದದ್ವಾರದಿಂದ ಕೆಂಪು ಎಳೆಯಂತೆ ಹೊರಚಾಚಿದೆ ಎಂದರೆ ಅದು ಕಮಲ್ಲಾನಸ್ ಎಂಬ ಕರುಳಿನ ಪರಾವಲಂಬಿ. ಅದರ ಕಥೆಯೇ ಬೇರೆ, ಔಷಧಿಯೂ ಬೇರೆ. ಆ ಮೀನನ್ನು ಮರಿಗಳಿಂದ ದೂರ ಇಟ್ಟು ಪಶುವೈದ್ಯರನ್ನು ಕೇಳಿ.

ನಿಜವಾದ ಅಪಾಯ ಅಮೋನಿಯಾ

ಉಳಿದ ಆಹಾರ, ಮೀನಿನ ಹಿಕ್ಕೆ, ಸತ್ತ ಜೀವಿ, ಎಲ್ಲವೂ ಕೊಳೆತು ಅಮೋನಿಯಾ ಆಗುತ್ತದೆ. ಅದು ಕಿವಿರನ್ನು ಸುಡುತ್ತದೆ. ಫಿಲ್ಟರ್‌ನಲ್ಲಿ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸದಾಗಿ ಹೂಡಿದ ಮರಿ ಟ್ಯಾಂಕ್‌ನಲ್ಲಿ ಇಂಥ ಬ್ಯಾಕ್ಟೀರಿಯಾ ಸಾಕಷ್ಟು ಇರುವುದಿಲ್ಲ.

ನೀರಿನ ಪಿಎಚ್ ಕೂಡ ಇಲ್ಲಿ ಮುಖ್ಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಶೇ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇ 5ರಷ್ಟಾಗುತ್ತದೆ. ನಮ್ಮಲ್ಲಿ ಹಲವು ಕಡೆ ಕೊಳವೆಬಾವಿ ನೀರು ಗಡುಸು, ಪಿಎಚ್ ಕೂಡ ಹೆಚ್ಚು. ಹಾಗಾಗಿ ಅಷ್ಟೇ ಕೊಳೆ ಅಲ್ಲಿ ಹೆಚ್ಚು ಹಾನಿ ಮಾಡುತ್ತದೆ.

ಈಗ ಯೋಚಿಸಿ. ಟ್ಯಾಂಕ್‌ನಲ್ಲಿ ಸಾವಿರಾರು ಹುಳುಗಳಿವೆ, ನೀವು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಕೊಲ್ಲುವ ಔಷಧಿ ಹಾಕಿದಿರಿ. ಅಷ್ಟೂ ಹುಳುಗಳು ಜಲ್ಲಿಯೊಳಗೆ ಕೊಳೆಯುತ್ತವೆ. ಆಮ್ಲಜನಕ ಇಳಿಯುತ್ತದೆ, ಅಮೋನಿಯಾ ಏರುತ್ತದೆ. ಬೆಳಿಗ್ಗೆ ಮರಿಗಳು ಸತ್ತಿರುತ್ತವೆ. "ಹುಳು ಮರಿಗಳನ್ನು ಕೊಂದಿತು" ಅಥವಾ "ಔಷಧಿ ವಿಷವಾಯಿತು" ಎಂದು ನಾವು ತಿಳಿಯುತ್ತೇವೆ. ಕೊಂದದ್ದು ಕೊಳೆತ ನೀರಾಗಿರಬಹುದು.

ಮೊದಲ ವಾರ ಏನು ಮಾಡಬೇಕು?

ದೊಡ್ಡ ಮೀನುಗಳ ಟ್ಯಾಂಕ್ ಆಗಿದ್ದರೆ "ಮೂರು ದಿನ ಆಹಾರ ಹಾಕಬೇಡಿ" ಎಂಬ ಸಲಹೆ ಸರಿ. ಮರಿಗಳಿಗೆ ಇದು ನಡೆಯದು. ಎಳೆಯ ಮರಿ ಅಷ್ಟು ದಿನ ಉಪವಾಸ ಇರಲಾರದು. ಆದ್ದರಿಂದ ಆಹಾರ ನಿಲ್ಲಿಸದೆ, ಉಳಿಯದಂತೆ ನೋಡಿಕೊಳ್ಳಬೇಕು.

• ಒಂದು ಸಲಕ್ಕೆ ಹಾಕುವ ಪ್ರಮಾಣವನ್ನು ಅರ್ಧ ಮಾಡಿ. ಐದು ನಿಮಿಷದಲ್ಲಿ ಮರಿಗಳು ತಿಂದು ಮುಗಿಸುವಷ್ಟೇ ಹಾಕಿ. ದಿನಕ್ಕೆ ಮೂರ್ನಾಲ್ಕು ಸಲ ಕೊಡಿ. ಮೊಟ್ಟೆಯ ಹಳದಿಯನ್ನು ಸದ್ಯಕ್ಕೆ ನಿಲ್ಲಿಸಿ, ನೀರನ್ನು ಅತಿ ಬೇಗ ಕೆಡಿಸುವುದು ಅದೇ.

• ಏರ್ ಪಂಪಿನ ಸಣ್ಣ ಪೈಪನ್ನು ಸೈಫನ್ ಮಾಡಿಕೊಂಡು ದಿನವೂ ತಳದ ಕಸ ಎಳೆಯಿರಿ. ನೀರು ಬಿಳಿ ಬಕೆಟ್ಟಿಗೆ ಬೀಳಲಿ. ತಪ್ಪಿ ಬಂದ ಮರಿಗಳು ಬಿಳಿ ತಳದಲ್ಲಿ ಕಾಣುತ್ತವೆ, ಚಮಚದಿಂದ ಎತ್ತಿ ವಾಪಸ್ ಬಿಡಬಹುದು. ಪೈಪನ್ನು ಬಾಯಿಂದ ಎಳೆಯಬೇಡಿ. ಅದರೊಳಗೆ ನೀರು ತುಂಬಿಸಿ, ತುದಿಯನ್ನು ಬೆರಳಿನಿಂದ ಮುಚ್ಚಿ ಕೆಳಗಿಳಿಸಿದರೆ ನೀರು ತಾನಾಗಿ ಹರಿಯುತ್ತದೆ.

• ದಿನಕ್ಕೆ ಶೇ 10ರಿಂದ 20ರಷ್ಟು ನೀರು ಬದಲಿಸಿ. ಹೊಸ ನೀರು ಅದೇ ಬಿಸಿಯಲ್ಲಿರಲಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

• ಸ್ಪಂಜ್ ಫಿಲ್ಟರ್ ಇದ್ದರೆ ಅದನ್ನು ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್‌ನಿಂದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ.

• ಮರಿ ಟ್ಯಾಂಕ್‌ನಲ್ಲಿ ಜಲ್ಲಿ ಇದ್ದರೆ ದಿನಕ್ಕೆ ಸ್ವಲ್ಪದಂತೆ ತೆಗೆದುಬಿಡಿ. ಬರಿಯ ಗಾಜಿನ ತಳದಲ್ಲಿ ಕಸ ಕಾಣುತ್ತದೆ, ಹುಳುವಿಗೆ ಅಡಗಲು ಜಾಗ ಸಿಗುವುದಿಲ್ಲ.

ಕಸತಿನ್ನಿ ಹುಳುವಾದರೆ ಇಷ್ಟು ಸಾಕು. ಒಂದೆರಡು ವಾರದಲ್ಲಿ ಸಂಖ್ಯೆ ಇಳಿಯುತ್ತದೆ. ಪೂರ್ತಿ ಇಲ್ಲವಾಗದಿದ್ದರೂ ಚಿಂತೆ ಬೇಡ.

ಪ್ಲನೇರಿಯಾ ಅಥವಾ ಹೈಡ್ರಾ ಇದ್ದು, ಮರಿಗಳು ಇನ್ನೂ ತೀರಾ ಎಳೆಯವಾಗಿದ್ದರೆ ಅತಿ ಸುರಕ್ಷಿತ ದಾರಿ ಮರಿಗಳನ್ನೇ ಬೇರೆ ಕಡೆ ಸಾಗಿಸುವುದು. ತೊಳೆದ ಪ್ಲಾಸ್ಟಿಕ್ ಡಬ್ಬಿಗೆ, ಹಳೆಯ ಟ್ಯಾಂಕ್‌ನ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಹಾಕಿ. ಮರಿಗಳನ್ನು ಬಲೆಯಿಂದಲ್ಲ, ಲೋಟದಿಂದ ಮೊಗೆದು ಬಿಡಿ. ಸಣ್ಣಗೆ ಗಾಳಿ ಬಿಡಿ. ಹಳೆಯ ಟ್ಯಾಂಕ್ ಖಾಲಿಯಾದ ಮೇಲೆ ಅದನ್ನು ಆರಾಮವಾಗಿ ಸ್ವಚ್ಛ ಮಾಡಬಹುದು.

ಪ್ಲನೇರಿಯಾವನ್ನು ಟ್ಯಾಂಕ್‌ನಲ್ಲಿ ಜಜ್ಜಬೇಡಿ

ಗಾಜಿನ ಮೇಲೆ ಕಂಡ ಪ್ಲನೇರಿಯಾವನ್ನು ಬ್ಲೇಡಿನಿಂದ ಕೆರೆದು ಕತ್ತರಿಸಿದರೆ ಲೆಕ್ಕ ಕಡಿಮೆಯಾಗುವುದಿಲ್ಲ, ಹೆಚ್ಚಬಹುದು. ತುಂಡಾದ ಭಾಗದಿಂದ ಹೊಸ ಹುಳು ಬೆಳೆಯುವ ಶಕ್ತಿ ಇದಕ್ಕಿದೆ. ಮುಂದೆ ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಇದನ್ನು ಪರೀಕ್ಷಿಸಿ, ಹುಳುವಿನ 279ರಲ್ಲಿ ಒಂದು ಪಾಲಿನಷ್ಟು ಚೂರೂ ಇಡೀ ಹುಳುವಾಗಬಲ್ಲದು ಎಂದು ಲೆಕ್ಕ ಹಾಕಿದ್ದರು. ಹೈಡ್ರಾ ಕೂಡ ಹಾಗೆಯೇ. 1740ರ ದಶಕದಲ್ಲೇ ಅಬ್ರಹಾಂ ಟ್ರೆಂಬ್ಲಿ ಎಂಬವರು ಹೈಡ್ರಾವನ್ನು ಕತ್ತರಿಸಿ, ತುಂಡುಗಳು ಮತ್ತೆ ಬೆಳೆಯುವುದನ್ನು ತೋರಿಸಿದ್ದರು.

ಬದಲಿಗೆ ಬೋನು ಇಡಿ. ಮುಚ್ಚಳವಿರುವ ಸಣ್ಣ ಬಾಟಲಿಗೆ ಬಿಸಿ ಸೂಜಿಯಿಂದ ತೀರಾ ಸಣ್ಣ ತೂತುಗಳನ್ನು ಮಾಡಿ. ಮರಿಮೀನು ಒಳಗೆ ಹೋಗುವಷ್ಟು ದೊಡ್ಡದಿರಬಾರದು. ಒಳಗೆ ಸೀಗಡಿ ಅಥವಾ ಕೋಳಿಮಾಂಸದ ಚೂರು ಹಾಕಿ, ರಾತ್ರಿ ದೀಪ ಆರಿಸಿ ತಳದಲ್ಲಿ ಇಡಿ. ಬೆಳಕು ಹರಿಯುವ ಮೊದಲೇ ಬಾಟಲಿ ತೆಗೆಯಿರಿ. ಮಾಂಸದ ಚೂರನ್ನು ಹಗಲಲ್ಲಿ ಟ್ಯಾಂಕ್‌ನೊಳಗೆ ಬಿಡಬೇಡಿ. ನಾಲ್ಕೈದು ರಾತ್ರಿ ಹೀಗೆ ಮಾಡಿದರೆ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ.

"ಹುಳು ತಿನ್ನುವ ದೊಡ್ಡ ಮೀನು ಬಿಡಿ" ಎಂಬ ಸಲಹೆಯೂ ಬರುತ್ತದೆ. ಹುಳು ತಿನ್ನುವ ಮೀನು ಮರಿಗಳನ್ನೂ ತಿನ್ನುತ್ತದೆ. ಇಲ್ಲಿ ಅದು ಬೇಡ.

ಫಾರ್ವರ್ಡ್ ಮದ್ದುಗಳು: ಯಾವುದು ನಿಜ, ಯಾವುದು ಸುಳ್ಳು?

ಉಪ್ಪು: ಮರಿಗಳು ತಡೆಯುವಷ್ಟು ಕಡಿಮೆ ಉಪ್ಪಿಗೆ ಪ್ಲನೇರಿಯಾ ಸಾಯುತ್ತದೆ ಎಂದು ನಂಬುವಂತಿಲ್ಲ. ಸಾಯುವಷ್ಟು ಹಾಕಿದರೆ ಗಿಡಗಳು ಬಾಡುತ್ತವೆ, ಎಳೆ ಮರಿಗಳೂ ಬಳಲುತ್ತವೆ. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ ಎಂಬುದು ನೆನಪಿರಲಿ. ಪ್ರತಿ ಸಲ ಹಾಕಿದ್ದು ಒಳಗೇ ಕೂಡುತ್ತಾ ಹೋಗುತ್ತದೆ.

ಅರಿಶಿನ: ಇದರ ಮುಖ್ಯ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಬಹುತೇಕ ಕರಗುವುದೇ ಇಲ್ಲ. ಪುಡಿ ತಳಕ್ಕೆ ಕೂತು ಇನ್ನಷ್ಟು ಕೊಳೆಯಾಗುತ್ತದೆ.

ಮೈಲುತುತ್ತ: ಅಡಿಕೆ ತೋಟದ ಬೋರ್ಡೊ ದ್ರಾವಣಕ್ಕೆ ಬಳಸುವ ಇದು ತಾಮ್ರದ ಸಲ್ಫೇಟ್. ತಾಮ್ರ ಸೀಗಡಿ ಮತ್ತು ಬಸವನಹುಳುಗಳನ್ನು ಕೊಲ್ಲುತ್ತದೆ, ಮೆದು ನೀರಿನಲ್ಲಿ ಮೀನಿಗೂ ತೀವ್ರ ವಿಷ. ಮರಿ ಟ್ಯಾಂಕ್‌ಗೆ ಖಂಡಿತ ಬೇಡ.

ಬ್ಲೀಚಿಂಗ್ ಪುಡಿ: ಕ್ಲೋರಿನ್ ಕಿವಿರನ್ನು ಹಾಳು ಮಾಡುತ್ತದೆ. ಮೀನಿಲ್ಲದ ಖಾಲಿ ಟ್ಯಾಂಕ್ ತೊಳೆಯಲು ಮಾತ್ರ ಸರಿ. ಆಮೇಲೆ ಹಲವು ಸಲ ತೊಳೆದು ಬಿಸಿಲಲ್ಲಿ ಒಣಗಿಸಬೇಕು.

ಎಲ್ಲ ನೀರು ಚೆಲ್ಲಿ ತೊಳೆಯುವುದು: ಒಮ್ಮೆಗೇ ನೀರು ಬದಲಾದರೆ ಮರಿಗಳಿಗೆ ಆಘಾತ, ಫಿಲ್ಟರ್ ಕೂಡ ತೊಳೆದುಹೋದರೆ ಮುಂದಿನ ವಾರ ಅಮೋನಿಯಾ. ಕೊಳೆಯ ಮೂಲ ಅಂದರೆ ಹೆಚ್ಚಿನ ಆಹಾರ ಹಾಗೇ ಉಳಿದರೆ ಹುಳು ಮತ್ತೆ ಬರುತ್ತದೆ.

ಅಡಿಕೆ ಪುಡಿ: ಇದು ಅರ್ಧ ಸತ್ಯ. ಪ್ಲನೇರಿಯಾ ಕೊಲ್ಲಲು ಮಾರುವ ಕೆಲವು ಪುಡಿಗಳಲ್ಲಿ ಅಡಿಕೆಯ ಸತ್ವ ಇರುವುದು ನಿಜ. ಅಡಿಕೆಯಲ್ಲಿರುವ ಅರೆಕೋಲಿನ್ ಹುಳುವಿನ ಸ್ನಾಯುಗಳ ಹಿಡಿತ ತಪ್ಪಿಸುತ್ತದೆ. ಹಿಂದೆ ನಾಯಿಗಳ ಲಾಡಿಹುಳುವಿಗೂ ಇದರಿಂದ ಮಾಡಿದ ಔಷಧಿ ಬಳಸುತ್ತಿದ್ದರು. ಆದರೆ ಆ ಪುಡಿಗಳಲ್ಲಿ ಅಳತೆ ಗೊತ್ತುಮಾಡಿರುತ್ತಾರೆ. ಮನೆಯ ಅಡಿಕೆಯಲ್ಲಿ ಅರೆಕೋಲಿನ್ ಎಷ್ಟಿದೆ ಎಂಬುದು ಹಸಿಯೋ ಒಣವೋ, ಬೇಯಿಸಿದ್ದೋ ಅಲ್ಲವೋ ಎಂಬುದರ ಮೇಲೆ ಬದಲಾಗುತ್ತದೆ. ಜೊತೆಗೆ ಒಗರು ಅಂಶವೂ ನೀರಿಗೆ ಇಳಿಯುತ್ತದೆ. ಮರಿಗಳ ಮೇಲೆ ಈ ಪ್ರಯೋಗ ಬೇಡ.

ಜಂತುಹುಳು ಮಾತ್ರೆ: ಎಲ್ಲ ಒಂದೇ ಅಲ್ಲ

ಮೇಲಿನದೆಲ್ಲ ಮಾಡಿಯೂ ಪ್ಲನೇರಿಯಾ ಅಥವಾ ಹೈಡ್ರಾ ಉಳಿದರೆ ಔಷಧಿಯ ಮಾತು. ಅಕ್ವೇರಿಯಂ ಹವ್ಯಾಸಿಗಳು ಇದಕ್ಕೆ ಹೆಚ್ಚಾಗಿ ಬಳಸುವುದು ಫೆನ್‌ಬೆಂಡಜೋಲ್. ದನ, ನಾಯಿಗಳ ಜಂತುಹುಳುವಿಗೆ ಕೊಡುವ ಔಷಧಿ ಇದು. ಸರಿಯಾದ ಅಳತೆಯಲ್ಲಿ ಮೀನುಗಳು ಇದನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಕೆಲವು ಬಗೆಯ ಬಸವನಹುಳುಗಳು ಸಾಯುತ್ತವೆ, ಮೊದಲೇ ತೆಗೆದಿಡಿ.

ಎಚ್ಚರಿಕೆ ಬೇಕಾದದ್ದು ಇಲ್ಲಿ. ಮೆಡಿಕಲ್ ಅಂಗಡಿಯಲ್ಲಿ "ಹುಳುವಿನ ಔಷಧಿ" ಎಂದು ಕೇಳಿದರೆ ಐವರ್‌ಮೆಕ್ಟಿನ್ ಸಿಗಬಹುದು. ಅದು ಮೀನಿಗೆ ವಿಷ. ನಾಯಿಯ ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಬೆರೆತಿರುತ್ತವೆ, ರುಚಿಗೆಂದು ಸೇರಿಸಿದ ಪದಾರ್ಥವೂ ಇರುತ್ತದೆ. ಲೇಬಲ್ ಓದದೆ ಹಾಕಬೇಡಿ.

"ಒಂದು ಚಿಟಿಕೆ" ಎಂಬುದು ಅಳತೆಯಲ್ಲ. ಮೊದಲು ನೀರಿನ ಲೆಕ್ಕ ತಿಳಿಯಿರಿ: ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. 60 ಸೆಂ.ಮೀ. ಉದ್ದ, 30 ಅಗಲ, ನೀರು 25 ಇದ್ದರೆ 45 ಲೀಟರ್. ಈ ಔಷಧಿಯನ್ನು ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಬಳಸುವುದು ರೂಢಿ. 150 ಮಿಲಿಗ್ರಾಂನ ಇಡೀ ಮಾತ್ರೆಯನ್ನು ಆ ಟ್ಯಾಂಕ್‌ಗೆ ಹಾಕಿದರೆ ಲೀಟರಿಗೆ 3 ಮಿಲಿಗ್ರಾಂ ದಾಟುತ್ತದೆ. ನಿಮ್ಮ ಟ್ಯಾಂಕ್‌ಗೆ ಎಷ್ಟು ಎಂಬುದನ್ನು ಲೀಟರ್ ಲೆಕ್ಕ ಹೇಳಿ ಪಶುವೈದ್ಯರಿಂದ ಕೇಳಿಯೇ ತಿಳಿಯಿರಿ.

ಹಾಕುವ ಮೊದಲು ತಳದ ಕಸ ಮತ್ತು ಆದಷ್ಟು ಹುಳುಗಳನ್ನು ಎಳೆದು ತೆಗೆಯಿರಿ, ಗಾಳಿ ಹೆಚ್ಚಿಸಿ. ಈ ಔಷಧಿ ನೀರಿನಲ್ಲಿ ಸುಲಭವಾಗಿ ಕರಗದು. ಸಣ್ಣ ಬಾಟಲಿಯಲ್ಲಿ ಟ್ಯಾಂಕ್ ನೀರಿನೊಂದಿಗೆ ಚೆನ್ನಾಗಿ ಕುಲುಕಿ ಹಾಕಿ. ಮರುದಿನವೇ ಸತ್ತ ಹುಳುಗಳನ್ನು ತೆಗೆದು ನೀರು ಬದಲಿಸಿ. ಮೊಟ್ಟೆಗಳು ಉಳಿದಿರಬಹುದು, ಎರಡು ವಾರದ ಬಳಿಕ ರಾತ್ರಿ ಟಾರ್ಚ್ ಹಾಕಿ ಮತ್ತೆ ನೋಡಿ.

ಈ ಹುಳುಗಳಿಂದ ಮನುಷ್ಯರಿಗೆ ರೋಗ ಬರುತ್ತದೆಯೇ?

ಇಲ್ಲ. ಕಸತಿನ್ನಿ ಹುಳು, ಪ್ಲನೇರಿಯಾ, ಹೈಡ್ರಾ ಯಾವುದೂ ಮನುಷ್ಯರ ಹೊಟ್ಟೆಯಲ್ಲಿ ಬದುಕುವುದಿಲ್ಲ. ಪ್ಲನೇರಿಯಾ ಲಾಡಿಹುಳುವಿನ ದೂರದ ಸಂಬಂಧಿ ಎಂಬ ಕಾರಣಕ್ಕೆ ಭಯ ಹರಡುತ್ತದೆ ಅಷ್ಟೆ.

ಆದರೂ ಅಕ್ವೇರಿಯಂ ನೀರಿನಲ್ಲಿ ಬೇರೊಂದು ಎಚ್ಚರಿಕೆ ಬೇಕು. ಮೈಕೋಬ್ಯಾಕ್ಟೀರಿಯಂ ಮರಿನಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಚರ್ಮ ಸೇರಿ, ವಾರಗಟ್ಟಲೆ ವಾಸಿಯಾಗದ ಗಂಟು ಉಂಟುಮಾಡಬಲ್ಲದು. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಅಂಥ ಗಂಟು ಕಂಡರೆ ಮನೆಯಲ್ಲಿ ಅಕ್ವೇರಿಯಂ ಇದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಮತ್ತೆ ಬಾರದಂತೆ ತಡೆಯುವುದು ಹೇಗೆ?

ಹೊಸ ಗಿಡ ತಂದರೆ ಬೇರು ತೊಳೆದು ಎರಡು ವಾರ ಪ್ರತ್ಯೇಕ ಬಕೆಟ್ಟಿನಲ್ಲಿಡಿ. ಅಂಗಡಿಯ ಕವರಿನ ನೀರನ್ನು ಟ್ಯಾಂಕ್‌ಗೆ ಸುರಿಯಬೇಡಿ. ಚರಂಡಿಯಿಂದ ಬಂದ ಜೀವಂತ ಹುಳುಗಳನ್ನು ಮರಿಗಳಿಗೆ ಕೊಡಬೇಡಿ. ಔಷಧಿ ಹಾಕಿದ ನೀರು, ಬೇಡವಾದ ಗಿಡ ಮತ್ತು ಮೀನುಗಳನ್ನು ಕೆರೆಗೆ, ರಾಜಕಾಲುವೆಗೆ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನುಗಳು ಇಂದು ಹಲವು ಕೆರೆಗಳಲ್ಲಿ ಬಲೆ ತುಂಬುತ್ತಿವೆ.

ಕೊನೆಯ ಮಾತು

ಟ್ಯಾಂಕ್‌ನಲ್ಲಿ ಹುಳು ಕಂಡರೆ ಅವತ್ತೇ ಮಾಡಬೇಕಾದದ್ದು ಮೂರೇ ಕೆಲಸ: ಫೋಟೊ ತೆಗೆದು ಗುರುತಿಸಿ, ಆಹಾರ ಅರ್ಧ ಮಾಡಿ, ತಳದ ಕಸ ಎಳೆಯಿರಿ. ಔಷಧಿಗೆ ಒಂದು ವಾರ ಕಾಯಬಹುದು, ಕೊಳೆ ತೆಗೆಯುವುದಕ್ಕೆ ಕಾಯಲಾಗದು. ನಿಮ್ಮ ಗ್ರೂಪಿನಲ್ಲಿ "ಈ ಹುಳುವಿಗೆ ಏನು ಹಾಕಲಿ?" ಎಂದು ಯಾರಾದರೂ ಕೇಳಿದರೆ, ಮದ್ದಿನ ಹೆಸರು ಹೇಳುವ ಮೊದಲು "ದಿನಕ್ಕೆ ಎಷ್ಟು ಆಹಾರ ಹಾಕುತ್ತೀರಿ?" ಎಂದು ಕೇಳಿ.